ಜಪಾನಿನ ಹೊಸ ನೋಟುಗಳು: ಹೊಲೊಗ್ರಾಂ ಇದ್ದ ಮೇಲೂ ಇಷ್ಟೊಂದು ಭದ್ರತಾ ಗುರುತುಗಳೇಕೆ?

ನೋಟುಸಂಗ್ರಾಹಕ (ಪ್ರಶ್ನೆ):
ಜಪಾನ್ 2024ರ ಜುಲೈ 3ರಂದು 10,000, 5,000 ಮತ್ತು 1,000 ಯೆನ್‌ಗಳ ಹೊಸ ನೋಟುಗಳನ್ನು ಚಲಾವಣೆಗೆ ತಂದಿತು. ನೋಟನ್ನು ಓರೆ ಮಾಡಿದಂತೆಲ್ಲ ಮುಖವೇ ತಿರುಗುತ್ತಿರುವಂತೆ ತೋರುವ ಮೂರು ಆಯಾಮದ ಹೊಲೊಗ್ರಾಂ ಅವುಗಳಲ್ಲಿದ್ದು, ಬ್ಯಾಂಕ್ ನೋಟಿನಲ್ಲಿ ಈ ತಂತ್ರ ಬಳಕೆಯಾದದ್ದು ಜಗತ್ತಿನಲ್ಲೇ ಮೊದಲೆನ್ನಲಾಗಿದೆ. ಇಷ್ಟು ಕಠಿಣವಾದ ಗುರುತೊಂದು ಕೈಯಲ್ಲಿರುವಾಗ ಜಲಚಿಹ್ನೆ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಚಿತ್ರ), ಉಬ್ಬು ಮುದ್ರಣ, ಸೂಕ್ಷ್ಮಾಕ್ಷರಗಳನ್ನೆಲ್ಲ ಉಳಿಸಿಕೊಂಡಿರುವುದು ಏಕೆ? ಹಲವು ದೇಶಗಳು ಪಾಲಿಮರ್ (ಪ್ಲಾಸ್ಟಿಕ್) ನೋಟುಗಳಿಗೆ ಹೊರಳಿದರೂ ಜಪಾನ್ ಕಾಗದವನ್ನು ಬಿಡದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಮುದ್ರಣಾಸಕ್ತ:
ನೋಟನ್ನು ಪರೀಕ್ಷಿಸುವವರು ಒಂದೇ ಬಗೆಯವರಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಹೊಲೊಗ್ರಾಂ ಬೆಳಕಿನಲ್ಲಿ ನೋಡುವವನಿಗೆ ಮಾತ್ರ ಉಪಯುಕ್ತ; ಕಣ್ಣು ಕಾಣದವರಿಗೆ ಬೇಕಾದದ್ದು ಬೆರಳಿಗೆ ಸಿಗುವ ಗುರುತು. ಅದಕ್ಕಾಗಿ ಮೂರೂ ನೋಟುಗಳಲ್ಲಿ 11 ಓರೆ ಗೆರೆಗಳನ್ನು ದಪ್ಪ ಶಾಯಿಯಲ್ಲಿ ಉಬ್ಬಿ ನಿಲ್ಲುವಂತೆ ಮುದ್ರಿಸಿ, ಅವುಗಳ ಸ್ಥಾನವನ್ನು ಮಾತ್ರ ಬೇರೆ ಬೇರೆ ಮಾಡಿದ್ದಾರೆ: 10,000ದಲ್ಲಿ ಎಡ ಅಂಚಿನ ನಡುಭಾಗದಲ್ಲೂ ಬಲ ಅಂಚಿನ ನಡುಭಾಗದಲ್ಲೂ, 5,000ದಲ್ಲಿ ಮೇಲಂಚಿನ ನಡುಭಾಗದಲ್ಲೂ ಕೆಳಂಚಿನ ನಡುಭಾಗದಲ್ಲೂ, 1,000ದಲ್ಲಿ ಬಲ ಮೇಲ್ತುದಿ ಮತ್ತು ಎಡ ಕೆಳತುದಿಗಳಲ್ಲಿ. ಅತಿನೇರಳೆ ಬೆಳಕಿನಲ್ಲಿ ಬ್ಯಾಂಕ್ ಆಫ್ ಜಪಾನ್ ಗವರ್ನರರ ಮುದ್ರೆ ಹೊಳೆಯುತ್ತದೆ. ಓರೆ ಮಾಡಿದರೆ ಅಂಚುಗಳಲ್ಲಿ ಗುಲಾಬಿ ಹೊಳಪು ಕಾಣಿಸುತ್ತದೆ. ಒಂದು ಗುರುತನ್ನು ಅನುಕರಿಸಲು ಬೇಕಾದ ಸಲಕರಣೆ ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು ಎಂಬುದೇ ಖೋಟಾನೋಟು ಮಾಡುವವನಿಗೆ ನಿಜವಾದ ತಲೆನೋವು.

ಕಾಗದದ ಹುಳು:
ಮೇಲಿನ ಉತ್ತರ ಸರಿ, ಆದರೆ ಕಾಗದದ ವಿಷಯ ಅದರಲ್ಲಿ ಬಿಟ್ಟುಹೋಗಿದೆ. ನನ್ನ ಮಟ್ಟಿಗೆ ಈ ನೋಟಿನ ನಿಜವಾದ ಬಲ ಅಲ್ಲಿದೆ. ಮಿತ್ಸುಮಾತಾ ಎಂಬ ಪೊದೆಯ ತೊಗಟೆಯ ನಾರು ಮತ್ತು ಬಾಳೆಯ ಜಾತಿಯ ಗಿಡವಾದ ಅಬಾಕಾದ ನಾರುಗಳಿಂದ ತಯಾರಾಗುವ ಈ ಕಾಗದ ಮಡಿಸಿದರೂ ಬೇಗ ಹರಿಯುವುದಿಲ್ಲ. (ಮಿತ್ಸುಮಾತಾದ ಗಣನೀಯ ಭಾಗ ಇಂದು ನೇಪಾಳದಿಂದ ಬರುತ್ತದೆ.) ಕಾಗದ ರೂಪುಗೊಳ್ಳುವಾಗಲೇ ನಾರಿನ ದಪ್ಪವನ್ನು ಅಲ್ಲಲ್ಲಿ ಹೆಚ್ಚುಕಡಿಮೆ ಮಾಡಿ ಮುಖದ ನೆರಳುಬೆಳಕನ್ನು ಮೂಡಿಸುವುದರಿಂದ, ಮೇಲ್ಮೈಯನ್ನಷ್ಟೇ ನಕಲು ಮಾಡುವ ಯಂತ್ರಕ್ಕೆ ಜಲಚಿಹ್ನೆ ದಕ್ಕುವುದಿಲ್ಲ. ಹೊಸ ನೋಟುಗಳಲ್ಲಿ ಆ ಮುಖದ ಸುತ್ತಲೂ ಅತಿ ಸೂಕ್ಷ್ಮವಾದ ವಿನ್ಯಾಸವನ್ನೂ ಜಲಚಿಹ್ನೆಯಾಗಿಯೇ ಸೇರಿಸಿದ್ದಾರೆ. ಇದಲ್ಲದೆ 10,000ದಲ್ಲಿ ಮೂರು, 5,000ದಲ್ಲಿ ಎರಡು, 1,000ದಲ್ಲಿ ಒಂದು ಲಂಬ ಪಟ್ಟಿ ಬೆಳಕಿಗೆ ಹಿಡಿದಾಗ ಕಾಣುತ್ತವೆ. ಗಾಢ ಛಾಯೆಯ ಇಂತಹ ಜಲಚಿಹ್ನೆಯುಳ್ಳ ಕಾಗದವನ್ನು ಸರ್ಕಾರದ ಅನುಮತಿಯಿಲ್ಲದೆ ತಯಾರಿಸುವುದನ್ನು ಜಪಾನಿನಲ್ಲಿ 1947ರ ಕಾಯಿದೆಯೊಂದು ನಿಷೇಧಿಸಿದೆ. ಪಾಲಿಮರ್‌ಗೆ ಪಾರದರ್ಶಕ ಕಿಟಕಿಯೆಂಬ ಅನುಕೂಲವುಂಟು, ಆದರೆ ನಾರಿನಲ್ಲಿ ಮೂಡುವ ಈ ಜಲಚಿಹ್ನೆಯನ್ನು ಅದು ಕೊಡಲಾರದು.

ಹಳೆಯ ಕಡತ:
ಇತಿಹಾಸದ ಕಡೆಯಿಂದ ಒಂದೆರಡು ಮಾತು. 1961ರಿಂದ 1963ರವರೆಗೆ ರಾಜಕುಮಾರ ಶೋತೋಕು ಚಿತ್ರವಿದ್ದ 1,000 ಯೆನ್ ನೋಟಿನ ಅತ್ಯುತ್ತಮ ನಕಲುಗಳು ಸಿಕ್ಕಿದವು; ಪತ್ತೆಯಾದವು 343. ನಕಲಿನ ದೋಷಗಳನ್ನು ಪತ್ರಿಕೆಗಳು ಪ್ರಕಟಿಸಿದರೆ, ಅವುಗಳನ್ನು ತಿದ್ದಿದ ನಕಲುಗಳು ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಕೊನೆಗೆ 1963ರ ನವೆಂಬರಿನಲ್ಲಿ ಇತೊ ಹಿರೊಬುಮಿ ಚಿತ್ರವುಳ್ಳ ಹೊಸ ನೋಟನ್ನೇ ಹೊರಡಿಸಬೇಕಾಯಿತು. ಅಪರಾಧಿ ಸಿಗಲೇ ಇಲ್ಲ. ಮುಖಗಳ ಆಯ್ಕೆಯಲ್ಲಿಯೂ ಭದ್ರತೆಯ ಲೆಕ್ಕಾಚಾರವಿದೆ: ಮನುಷ್ಯನ ಕಣ್ಣು ಮುಖದ ಅಲ್ಪ ವ್ಯತ್ಯಾಸವನ್ನೂ ಗುರುತಿಸುವುದರಿಂದ, ಸ್ಪಷ್ಟ ಛಾಯಾಚಿತ್ರ ಲಭ್ಯವಿರುವ ಮೇಜಿ ಕಾಲದಿಂದ (1868–1912) ಈಚಿನವರನ್ನು ಆರಿಸುತ್ತಾರೆ. ಈಗಿನ ನೋಟುಗಳಲ್ಲಿರುವ ಉದ್ಯಮಿ ಶಿಬುಸಾವಾ ಎಯಿಚಿ, ಶಿಕ್ಷಣತಜ್ಞೆ ತ್ಸುದಾ ಉಮೆಕೊ ಮತ್ತು ವೈದ್ಯವಿಜ್ಞಾನಿ ಕಿತಾಸಾತೊ ಶಿಬಾಸಾಬುರೊ ಮೂವರೂ ಹಾಗೆ ಬಂದವರೇ. 1881ರಲ್ಲಿ ಇಟಲಿಯ ಕೆತ್ತನೆಗಾರ ಎದೊಆರ್ದೊ ಕಿಯೊಸ್ಸೊನೆ ಪುರಾಣಕಾಲದ ಸಾಮ್ರಾಜ್ಞಿ ಜಿಂಗೂ ಅವರನ್ನು ನೋಟಿಗೆ ಚಿತ್ರಿಸಿದಾಗ ಅವರ ಮುಖ ಪಾಶ್ಚಾತ್ಯ ಮಹಿಳೆಯದಂತೆ ಕಂಡದ್ದು ಬೇರೆ ಮಾತು. ಹೊಸ ನೋಟಿನ ದೊಡ್ಡ ಅಂಕಿಗಳು ನನಗೆ ಅಂದವಾಗಿ ಕಾಣುವುದಿಲ್ಲವಾದರೂ, ಜಪಾನಿ ಲಿಪಿ ಬಾರದವರಿಗೆ ಅವು ಬಹಳ ಅನುಕೂಲ.

ನೋಟುಸಂಗ್ರಾಹಕ:
ಎಲ್ಲರಿಗೂ ಧನ್ಯವಾದಗಳು. ನೊಗುಚಿ ಹಿದೆಯೊ ಚಿತ್ರವಿರುವ 2004ರ ಸರಣಿಯ 1,000 ಯೆನ್ ನೋಟಿನಲ್ಲಿ ಹೊಲೊಗ್ರಾಂ ಕಾಣುತ್ತಿಲ್ಲ. ಅದನ್ನು ಸಂಶಯಿಸಬೇಕೇ?

ಮುದ್ರಣಾಸಕ್ತ:
ಬೇಡ. ಆ ಸರಣಿಯಲ್ಲಿ ಹೊಲೊಗ್ರಾಂ ಇದ್ದದ್ದು 10,000 ಮತ್ತು 5,000ದ ನೋಟುಗಳಲ್ಲಿ ಮಾತ್ರ. 1,000ದ ನೋಟನ್ನು ಬೆಳಕಿಗೆ ಹಿಡಿದು ಜಲಚಿಹ್ನೆಯನ್ನೂ ಒಂದು ಲಂಬ ಪಟ್ಟಿಯನ್ನೂ ನೋಡಿ, ಬಳಿಕ ಓರೆ ಮಾಡಿ ಅಂಚಿನ ಗುಲಾಬಿ ಹೊಳಪನ್ನು ಪರೀಕ್ಷಿಸಿ. ಹೊಸ ಸರಣಿ ಬಂದಿದ್ದರೂ ಹಳೆಯ ನೋಟುಗಳ ಮಾನ್ಯತೆ ಹೋಗಿಲ್ಲ; ಅವು ಇನ್ನು ನಡೆಯುವುದಿಲ್ಲವೆಂದು ಹೇಳಿ ಬದಲಿಸಿಕೊಡಲು ಬರುವವರು ವಂಚಕರು.