ಸಹಾಯ ಬೇಕು: ಬೋರ್‌ವೆಲ್ ಪಂಪ್ ಇರುವ ತೋಟದ ಮನೆಗೆ 10 ಕೆವಿಎ (ಸಾಮರ್ಥ್ಯದ ಅಳತೆ) ಜನರೇಟರ್ ಸಾಕೇ, 15 ಬೇಕೇ?

ನಮಸ್ಕಾರ. ತೀರ್ಥಹಳ್ಳಿ ಕಡೆ ತೋಟಕ್ಕೆ ಮೂರು ಫೇಸ್ ಡೀಸೆಲ್ ಜನರೇಟರ್ ಬೇಕು. ಲೋಡ್ ಅಂದರೆ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್, ಮನೆಯದು 1 ಕಿಲೋವ್ಯಾಟ್. ಪಂಪ್ ಓಡುವಾಗ ಸುಮಾರು 9 ಆಂಪ್ಸ್ ಎಳೆದರೂ ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವ ಡಿಒಎಲ್ ಸ್ಟಾರ್ಟರ್‌ನಲ್ಲಿ ಶುರುವಾಗುವ ಕ್ಷಣಕ್ಕೆ 50ರ ಹತ್ತಿರ ಹೋಗುತ್ತದೆ. 10 ಕೆವಿಎ ಸೆಟ್‌ನ ಸಾಮರ್ಥ್ಯ ಫೇಸ್‌ಗೆ 14 ಆಂಪ್ಸ್ ಅಷ್ಟೇ. ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗಿನ ಸ್ವಿಚ್) ಬಿಟ್ಟುಕೊಂಡು ಪಂಪ್ ನಿಂತುಬಿಡುತ್ತದೆ.

15 ಕೆವಿಎ ತಂದರೆ ರಾತ್ರಿಯಿಡೀ ಮನೆಯ ಲೋಡ್ ಮಾತ್ರ, ಅದರ ಸಾಮರ್ಥ್ಯದ 10% ಕೂಡ ಇಲ್ಲ. ಮಳೆಗಾಲದಲ್ಲಿ ಹೀಗೇ ಗಂಟೆಗಟ್ಟಲೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಿಂದ ಕಪ್ಪು ಎಣ್ಣೆ ಒಸರುತ್ತದೆ, ಇಂಜೆಕ್ಟರ್‌ಗೆ ಮಸಿ ಕಟ್ಟುತ್ತದೆ. ನನಗಂತೂ ಇದೇ ದೊಡ್ಡ ಚಿಂತೆ.

10 ಕೆವಿಎ ಜೊತೆ ಸಾಫ್ಟ್ ಸ್ಟಾರ್ಟರ್ (ವೋಲ್ಟೇಜ್ ನಿಧಾನವಾಗಿ ಏರಿಸಿ ಶುರುವಿನ ಕರೆಂಟ್ ತಗ್ಗಿಸುವುದು) ಹಾಕಿದವರಿದ್ದರೆ ದಯವಿಟ್ಟು ತಿಳಿಸಿ: ಕರೆಂಟ್ ಮಿತಿ ಎಷ್ಟಕ್ಕೆ ಇಟ್ಟಿರಿ? ಥ್ರಸ್ಟ್ ಬೇರಿಂಗ್ (ಮೋಟಾರ್‌ನಲ್ಲಿ ಕೆಳಮುಖ ಒತ್ತಡ ತಡೆಯುವ ಬೇರಿಂಗ್) ಸವೆಯದಂತೆ ಪಂಪ್ 3 ಸೆಕೆಂಡ್ ಒಳಗೆ ವೇಗ ಹಿಡಿಯಬೇಕು, ಅಷ್ಟರಲ್ಲಿ ಹಿಡಿಯಿತೇ?