ಲ್ಯಾಪ್‌ಟಾಪ್‌ನಲ್ಲಿ ವೈಫೈ ಜೋರು, ಅಮ್ಮನ ಫೋನ್‌ನಲ್ಲಿ ಮಾತ್ರ ನಿಧಾನ. ಹೊಸ ಫೋನ್ ತಗೋಬೇಕಾ?

ದಾವಣಗೆರೆಯಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಕೆಳಗೊಂದು ಮೇಲೊಂದು ಅಂತಸ್ತಿನ ಮನೆ, ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡೇ ಇವೆ. 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ರೂಟರ್ ಕೆಳಗೆ ಹಾಲ್‌ನಲ್ಲಿ ಟಿವಿ ಹಿಂದೆ ಇದೆ, ಅಮ್ಮನ ರೂಮು ಅದರ ಪಕ್ಕದ್ದೇ.

ಅಮ್ಮನ ಫೋನ್‌ನಲ್ಲಿ ವೈಫೈ ತುಂಬಾ ನಿಧಾನ. ಹಗಲು ಸ್ಪೀಡ್ ಟೆಸ್ಟ್ ಮಾಡಿದರೆ 15ರ ಆಸುಪಾಸು ಬರುತ್ತದೆ, ರಾತ್ರಿ ಎಂಟು ಗಂಟೆ ದಾಟಿದರೆ 5ಕ್ಕೋ 6ಕ್ಕೋ ಇಳಿಯುತ್ತದೆ. ತಮ್ಮ ಜರ್ಮನಿಯಲ್ಲಿದ್ದಾನೆ, ಅವನು ಕೆಲಸ ಮುಗಿಸಿ ವಿಡಿಯೋ ಕಾಲ್ ಮಾಡುವುದು ನಮಗೆ ರಾತ್ರಿ ಒಂಬತ್ತೂವರೆ ಹೊತ್ತಿಗೆ, ಸರಿಯಾಗಿ ಆಗಲೇ ಅವನ ಮುಖ ಅಲ್ಲೇ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಅಮ್ಮ ಪಾಪ "ಕೇಳಿಸ್ತಾ, ಕೇಳಿಸ್ತಾ" ಅನ್ನುವುದರಲ್ಲೇ ಕಾಲ್ ಮುಗಿಯುತ್ತದೆ. ಅದೇ ಮಂಚದ ಮೇಲೆ ಕೂತು ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ 90 ಬರುತ್ತದೆ!

ರೂಟರ್ ಆಫ್ ಮಾಡಿ ಆನ್ ಮಾಡಿದ್ದಾಯಿತು. ಫೋನ್‌ನಲ್ಲಿ ವೈಫೈ ಹೆಸರು ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿದ್ದಾಯಿತು. ಕಸ್ಟಮರ್ ಕೇರ್‌ನವರು "ಲೈನ್ ಸರಿ ಇದೆ ಮೇಡಂ, ನಿಮ್ಮ ಫೋನ್‌ದೇ ಪ್ರಾಬ್ಲಮ್" ಅನ್ನುತ್ತಾರೆ. ಮೊಬೈಲ್ ರಿಪೇರಿ ಅಂಗಡಿಯವನು ಬೋರ್ಡ್ ಹೋಗಿರಬಹುದು ಅಂದ. ಕಡಿಮೆ ಬೆಲೆಯ ಫೋನೇ, ಆದರೆ ಬೇರೆ ಎಲ್ಲಾ ಚೆನ್ನಾಗಿದೆ, ಅಮ್ಮನಿಗೆ ಕೈಗೆ ಹೊಂದಿಕೊಂಡಿದೆ. ಸುಮ್ನೆ ದುಡ್ಡು ಸುರಿಯುವ ಮುಂಚೆ ತಿಳಿದವರನ್ನು ಕೇಳೋಣ ಅಂತ ಹಾಕುತ್ತಿದ್ದೇನೆ.

ಫೈಬರ್_ಹಾಸನ:

ಮೇಡಂ, ಫೋನ್ ಈಗಲೇ ತಗೋಬೇಡಿ. ನಾನು ಫೈಬರ್ ಕನೆಕ್ಷನ್ ಹಾಕುವ ಕೆಲಸದಲ್ಲೇ ಇರುವವನು, ಈ ಥರ ಕಂಪ್ಲೇಂಟ್ ಬಂದಾಗ ನಾನು ಸ್ಪೀಡ್ ಟೆಸ್ಟ್ ಕಡೆ ಮೊದಲು ನೋಡುವುದೇ ಇಲ್ಲ. ಸ್ಪೀಡ್ ಟೆಸ್ಟ್ ಒಂದೇ ಅಂಕಿ ಕೊಡುತ್ತದೆ, ತಡೆ ಎಲ್ಲಿದೆ ಅಂತ ಹೇಳುವುದಿಲ್ಲ. ಹೊರಗಿನಿಂದ ರೂಟರ್ ತನಕ ಬರುವುದು ಒಂದು ದಾರಿ, ರೂಟರ್‌ನಿಂದ ಫೋನ್ ತನಕ ಗಾಳಿಯಲ್ಲಿ ಹೋಗುವುದು ಇನ್ನೊಂದು. ನಿಮ್ಮ ಲ್ಯಾಪ್‌ಟಾಪ್‌ಗೆ 90 ಬರುತ್ತಿದೆ ಅಂದರೆ ಹೊರಗಿನ ದಾರಿ ಚೆನ್ನಾಗಿದೆ, ಕಸ್ಟಮರ್ ಕೇರ್‌ನವರು ಅಷ್ಟರ ಮಟ್ಟಿಗೆ ಸರಿ. ಆದರೆ ಅಲ್ಲಿಂದ ಸೀದಾ ಫೋನ್ ಕೆಟ್ಟಿದೆ ಅಂತ ಹಾರಿದ್ದು ಸರಿಯಲ್ಲ.

ಅಮ್ಮನ ಫೋನ್‌ನಲ್ಲಿ ಸೆಟ್ಟಿಂಗ್ಸ್, ವೈಫೈ, ಈಗ ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗುರುತು ಒತ್ತಿ. ಅಲ್ಲಿ ಫ್ರೀಕ್ವೆನ್ಸಿ ಮತ್ತು ಲಿಂಕ್ ಸ್ಪೀಡ್ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಜಾಸ್ತಿ ಫೋನ್‌ಗಳಲ್ಲಿ ಇದು ಇರುತ್ತದೆ. ಲಿಂಕ್ ಸ್ಪೀಡ್ ಅಂದರೆ ನಿಮ್ಮ ಇಂಟರ್ನೆಟ್ ಸ್ಪೀಡ್ ಅಲ್ಲ, ಫೋನೂ ರೂಟರೂ ತಮ್ಮ ತಮ್ಮಲ್ಲಿ ಎಷ್ಟು ವೇಗಕ್ಕೆ ಒಪ್ಪಿಕೊಂಡಿವೆ ಅನ್ನುವ ಲೆಕ್ಕ. ಅದರಲ್ಲಿ ಸುಮಾರು ಅರ್ಧದಷ್ಟೇ ನಿಜವಾಗಿ ಕೈಗೆ ಸಿಗುವುದು. ಜೊತೆಗೆ ಪಿಂಗ್ ಮಾಡುವ ಯಾವುದಾದರೂ ಆ್ಯಪ್ ಹಾಕಿ ರಾತ್ರಿ ಹೊತ್ತು ರೂಟರ್ ವಿಳಾಸ 192.168.1.1ಕ್ಕೆ ಪಿಂಗ್ ಕೊಡಿ. ಪಿಂಗ್ ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು. ಕೆಲವು ರೂಟರ್‌ಗಳ ವಿಳಾಸ ಬೇರೆ ಇರುತ್ತದೆ, ಅದೇ ಪುಟದಲ್ಲಿ ಗೇಟ್‌ವೇ ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಆಮೇಲೆ 8.8.8.8ಕ್ಕೂ ಕೊಡಿ, ಅದು ಹೊರಗಿರುವ ಗೂಗಲ್‌ನ ಸರ್ವರ್. ರೂಟರ್‌ಗೇ 3 ಮಿಲಿಸೆಕೆಂಡ್, 200, 5, 350 ಹೀಗೆ ಕುಣಿದಾಡುತ್ತಿದ್ದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲಿ. ರೂಟರ್‌ಗೆ ನೆಟ್ಟಗಿದ್ದು ಹೊರಗಿನದ್ದು ಮಾತ್ರ ಕುಣಿದರೆ ಲೈನಿನಲ್ಲಿ.

ಇನ್ನೊಂದು ಮಾತು. ವಿಡಿಯೋ ಕಾಲ್‌ಗೆ 2-3 ಎಂಬಿಪಿಎಸ್ ಇದ್ದರೂ ಸಾಕು. ನಿಮಗೆ 5 ಬರುತ್ತಿದ್ದೂ ಮುಖ ನಿಲ್ಲುತ್ತದೆ ಅಂದರೆ ವೇಗ ಕಮ್ಮಿ ಅನ್ನುವುದಕ್ಕಿಂತ ಡೇಟಾ ಸಮನಾಗಿ ಬರುತ್ತಿಲ್ಲ, ತಡೆದು ತಡೆದು ಬರುತ್ತಿದೆ. ಅದಕ್ಕೇ ಪಿಂಗ್ ನೋಡಿ ಅಂದಿದ್ದು.

ಕಡಲತಡಿ:

ಹಾಸನದವರು ಹೇಳಿದ್ದನ್ನೇ ಮೊದಲು ಮಾಡಿ. ಅದರ ಜೊತೆ ಫೋನ್ ಒಳಗೆ ನೋಡಬೇಕಾದದ್ದೂ ಒಂದೆರಡಿದೆ. ಅಮ್ಮ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತಾರಾ? ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಪಟ್ಟಿಯಲ್ಲೇ ಬ್ಲೂಟೂತ್ ಕೂಡ ಕೆಲಸ ಮಾಡುವುದು, ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಎರಡಕ್ಕೂ ಒಂದೇ ಆಂಟೆನಾ, ಹಾಗಾಗಿ ಸರದಿ ಮೇಲೆ ಹಂಚಿಕೊಳ್ಳುತ್ತವೆ. ಒಮ್ಮೆ ಬ್ಲೂಟೂತ್ ಪೂರ್ತಿ ಆಫ್ ಮಾಡಿ ಕಾಲ್ ಮಾಡಿ ನೋಡಿ. ವಿಪಿಎನ್ (ಡೇಟಾವನ್ನು ಬೇರೆ ಸರ್ವರ್ ಮೂಲಕ ಸುತ್ತಿಸಿ ಕಳಿಸುವಂಥದ್ದು) ಯಾವುದಾದರೂ ಆನ್ ಇದೆಯಾ ನೋಡಿ, ಎಷ್ಟೋ ಸಲ ಮಕ್ಕಳು ಆಟಕ್ಕೆ ಅಂತ ಹಾಕಿ ಬಿಟ್ಟಿರುತ್ತಾರೆ. ಫೋಟೋ ಬ್ಯಾಕಪ್ಪೂ ನೋಡಿ. ಸುಮಾರು ಫೋನ್‌ಗಳು ರಾತ್ರಿ ಚಾರ್ಜಿಗೆ ಹಾಕಿದ ಕೂಡಲೇ ದಿನದ ಫೋಟೋ, ವಿಡಿಯೋ ಎಲ್ಲಾ ಮೇಲೆ ಕಳಿಸಲು ಶುರುಮಾಡುತ್ತವೆ, ಆ ಹೊತ್ತಿಗೆ ಕಾಲ್ ಮಾಡಿದರೆ ಮಾತು ತುಂಡಾಗುವುದು ಖಂಡಿತ.

ದಯವಿಟ್ಟು "ವೈಫೈ ಬೂಸ್ಟರ್" ಅಂತ ಹೆಸರಿಟ್ಟುಕೊಂಡ ಆ್ಯಪ್ ಹಾಕಬೇಡಿ. ಒಂದು ಆ್ಯಪ್‌ನಿಂದ ಆಂಟೆನಾದ ಶಕ್ತಿ ಹೆಚ್ಚಿಸಲು ಆಗುವುದಿಲ್ಲ. ಜಾಹೀರಾತು ತೋರಿಸಿ ಇನ್ನಷ್ಟು ಡೇಟಾ ತಿನ್ನುವುದೇ ಅವುಗಳ ಕೆಲಸ. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಬದಲಾಯಿಸಿ ಅಂತಲೂ ಹೇಳುವವರಿರುತ್ತಾರೆ. ಅದರಿಂದ ಪುಟ ತೆರೆಯುವಾಗ ಮೊದಲ ಕ್ಷಣದ ತಡ ಕಮ್ಮಿಯಾಗಬಹುದು ಅಷ್ಟೇ, 5 ಇದ್ದದ್ದು 50 ಆಗುವುದಿಲ್ಲ.

ದಾವಣಗೆರೆಯಕ್ಕ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲಾ ನೋಡಿದೆ. ಬ್ಲೂಟೂತ್ ಬಳಸುವುದೇ ಇಲ್ಲ, ವಿಪಿಎನ್ ಇಲ್ಲ. ಫೋಟೋ ಬ್ಯಾಕಪ್ ನಿಲ್ಲಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ.

ಫ್ರೀಕ್ವೆನ್ಸಿ 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ 54 ಎಂಬಿಪಿಎಸ್ ಅಂತ ಇದೆ. ಹಾಲ್‌ಗೆ ತಂದು ರೂಟರ್ ಮುಂದೆಯೇ ಹಿಡಿದರೂ 54, ಒಂದು ಚೂರೂ ಮೇಲೆ ಹೋಗುವುದಿಲ್ಲ. ಪಿಂಗ್ ರೂಟರ್‌ಗೇ ಕುಣಿಯುತ್ತಿದೆ, 400 ತನಕ ಹೋಗಿ ಬಂತು. ನಮ್ಮ ರೂಟರ್‌ನಲ್ಲಿ ಕೊನೆಗೆ 5ಜಿ ಅಂತ ಸೇರಿಸಿದ ಇನ್ನೊಂದು ಹೆಸರೂ ಇದೆ, ಲ್ಯಾಪ್‌ಟಾಪ್ ಅದಕ್ಕೇ ಕನೆಕ್ಟ್ ಆಗಿದೆ. ಅಮ್ಮನ ಫೋನ್‌ನ ಪಟ್ಟಿಯಲ್ಲಿ ಆ ಹೆಸರು ಕಾಣುವುದೇ ಇಲ್ಲ. ಫೋನ್ ಹೊಸದು ತಗೊಂಡರೆ ಮಾತ್ರ ಪರಿಹಾರ ಅಂತಾಯಿತಾ?

ಫೈಬರ್_ಹಾಸನ:

ಇಲ್ಲ ಇಲ್ಲ, ಒಳ್ಳೆಯ ಸುದ್ದಿ ಇದು. ನೀವು ರೂಟರ್ ಮುಂದೆ ಹಿಡಿದು ನೋಡಿದ್ದು ತುಂಬಾ ಒಳ್ಳೆಯದಾಯಿತು.

ಅಮ್ಮನ ಫೋನ್ 5 ಗಿಗಾಹರ್ಟ್ಸ್ ವೈಫೈ ಹಿಡಿಯುವುದಿಲ್ಲ, ಅದಕ್ಕೇ ಆ ಹೆಸರು ಕಾಣುತ್ತಿಲ್ಲ. ಕಡಿಮೆ ಬೆಲೆಯ ಬೇಕಾದಷ್ಟು ಫೋನ್‌ಗಳು ಹಾಗೇ. ಅಂದ ಹಾಗೆ ವೈಫೈ ಹೆಸರಿನ ಆ 5ಜಿಗೂ ಸಿಮ್‌ನ 5ಜಿಗೂ ಸಂಬಂಧವಿಲ್ಲ, ಇಲ್ಲಿ 5 ಅಂದರೆ 5 ಗಿಗಾಹರ್ಟ್ಸ್ ಅಷ್ಟೇ. ಆದರೆ 2.4ರಲ್ಲೇ ಆದರೂ ಇಷ್ಟು ಹತ್ತಿರದಲ್ಲಿ ಲಿಂಕ್ ಸ್ಪೀಡ್ 72 ಇರಬೇಕಿತ್ತು. ನಿಮ್ಮದು ಎಲ್ಲಿ ಹಿಡಿದರೂ 54ಕ್ಕೇ ನಿಂತಿದೆ. ಈ 54 ಯಾವುದೋ ಒಂದು ಅಂಕಿಯಲ್ಲ. 2003ರಲ್ಲಿ ಬಂದ 802.11ಜಿ ಅನ್ನುವ ಹಳೆಯ ವೈಫೈನ ಗರಿಷ್ಠ ಮಿತಿ ಅದು. 2009ರಲ್ಲಿ 802.11ಎನ್ ಬಂದ ಮೇಲೆ ಒಂದು ಆಂಟೆನಾದ ಫೋನ್‌ಗೂ 72 ಸಿಗುತ್ತದೆ. ಅಮ್ಮನ ಫೋನ್ ಅಷ್ಟು ಹಳೆಯದಲ್ಲ ಅಲ್ವಾ? ಅಂದರೆ ರೂಟರ್ ಅದನ್ನು ಹಳೆಯ ವೇಗಕ್ಕೆ ಕಟ್ಟಿಹಾಕಿದೆ.

ಹೀಗಾಗುವುದಕ್ಕೆ ನನಗೆ ಗೊತ್ತಿರುವ ಮುಖ್ಯ ಕಾರಣ ಎರಡು. ಒಂದು, ರೂಟರ್‌ನ ವೈಫೈ ಮೋಡ್‌ನಲ್ಲಿ ಬಿ/ಜಿ ಅಂತ ಮಾತ್ರ, ಅಂದರೆ ಹಳೆಯ ವೈಫೈ ಮಾತ್ರ ಇಟ್ಟಿರುವುದು. ಇನ್ನೊಂದು, ಸೆಕ್ಯುರಿಟಿ ಕಡೆ ಟಿಕೆಐಪಿ ಇಟ್ಟಿರುವುದು. ಈ ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಟಿಕೆಐಪಿ ಹಳೆಯ ಬೀಗ. 802.11ಎನ್ ನಿಯಮದ ಪ್ರಕಾರ ಆ ಬೀಗ ಹಾಕಿದ ಕನೆಕ್ಷನ್‌ಗೆ ಹೊಸ ವೇಗ ಕೊಡುವಂತೆಯೇ ಇಲ್ಲ, ಸೀದಾ 54ಕ್ಕೆ ಇಳಿಸಬೇಕು. ಪಾಸ್‌ವರ್ಡ್ ಸರಿ ಇರುತ್ತದೆ, ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತದೆ, ವೇಗ ಮಾತ್ರ ಬರುವುದಿಲ್ಲ.

ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹಾಕಿ ಒಳಗೆ ಹೋಗಿ. ಯೂಸರ್ ನೇಮ್, ಪಾಸ್‌ವರ್ಡ್ ರೂಟರ್ ತಳದ ಸ್ಟಿಕ್ಕರ್ ಮೇಲೆ ಇರುತ್ತದೆ. 2.4 ಗಿಗಾಹರ್ಟ್ಸ್ ವೈಫೈನ ಸೆಕ್ಯುರಿಟಿಯಲ್ಲಿ ಏನಿದೆ ನೋಡಿ. ಡಬ್ಲ್ಯೂಪಿಎ2 ಮತ್ತು ಎಇಎಸ್ ಅನ್ನುವ ಹೊಸ ಬೀಗ ಇರಬೇಕು. ಮೋಡ್ ಬಿ/ಜಿ/ಎನ್ ಇರಬೇಕು. ಬದಲಾಯಿಸುವ ಮುಂಚೆ ಈಗಿರುವ ಪುಟದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಫೈಬರ್, ವ್ಯಾನ್ (WAN) ಅಂತ ಬರೆದ ಪುಟಗಳನ್ನು ಮುಟ್ಟಲೇಬೇಡಿ, ಅಲ್ಲಿ ಏನಾದರೂ ಬದಲಾದರೆ ಇಂಟರ್ನೆಟ್ಟೇ ನಿಲ್ಲುತ್ತದೆ.

ರಾತ್ರಿಪಾಳಿ_ಬೆಂಗಳೂರು:

ನಾನು ಇರುವುದು ಅಪಾರ್ಟ್‌ಮೆಂಟ್‌ನಲ್ಲಿ, ನಮ್ಮ ಫ್ಲೋರ್‌ನಲ್ಲಿ ನಿಂತು ವೈಫೈ ಪಟ್ಟಿ ತೆಗೆದರೆ ಸ್ಕ್ರೀನ್ ತುಂಬಾ ಹೆಸರುಗಳು. ಹಾಗಾಗಿ ಈ ರಾತ್ರಿ ಹೊತ್ತಿನ ಕಾಟದ ಬಗ್ಗೆ ಹೇಳುತ್ತೇನೆ ಅಕ್ಕ. ನಿಮ್ಮ ಸೆಕ್ಯುರಿಟಿ ಸರಿಹೋದರೂ ಅದು ಪೂರ್ತಿ ಹೋಗಲಿಕ್ಕಿಲ್ಲ.

2.4ರಲ್ಲಿ ನಮ್ಮ ದೇಶದಲ್ಲಿ 1ರಿಂದ 13ರ ತನಕ ಚಾನೆಲ್, ಅಂದರೆ ರೂಟರ್ ಮಾತಾಡುವ ದಾರಿಗಳು ಇವೆ. ಆದರೆ ಒಂದೊಂದರ ನಡುವೆ 5 ಮೆಗಾಹರ್ಟ್ಸ್ ಮಾತ್ರ ಅಂತರ, ವೈಫೈ ಕನಿಷ್ಠ 20 ಮೆಗಾಹರ್ಟ್ಸ್ ಅಗಲ ಹರಡುತ್ತದೆ. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು 1, 6, 11. ಒಂದೇ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಪಕ್ಕದ ಮನೆಯ ರೂಟರ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಒಂದೇ ನಲ್ಲಿಗೆ ಇಡೀ ಓಣಿಯವರು ಕೊಡ ಹಿಡಿದು ನಿಂತ ಹಾಗೆ. ರಾತ್ರಿ ಎಲ್ಲರ ಮನೆಯಲ್ಲೂ ಟಿವಿ, ಫೋನ್ ಓಡುತ್ತಿರುತ್ತವೆ, ಅದಕ್ಕೇ ಹಗಲಿನ 15 ರಾತ್ರಿ 5 ಆಗುವುದು.

ವೈಫೈ ಅನಲೈಸರ್ ಥರದ ಆ್ಯಪ್‌ನಲ್ಲಿ ನೋಡಿದರೆ ಯಾವ ಚಾನೆಲ್ ಮೇಲೆ ಎಷ್ಟು ಜನ ಇದ್ದಾರೆ ಅಂತ ಕಾಣುತ್ತದೆ. ರಾತ್ರಿಯೇ ನೋಡಿ, ಹಗಲು ನೋಡಿ ಪ್ರಯೋಜನವಿಲ್ಲ. 1, 6, 11ರಲ್ಲಿ ಖಾಲಿ ಇರುವುದನ್ನು ಕೈಯಿಂದ ಹಾಕಿ, ಆಟೋ ಬೇಡ. ಸುಮಾರು ರೂಟರ್‌ಗಳು ಆನ್ ಆದಾಗ ಒಮ್ಮೆ ಚಾನೆಲ್ ಆರಿಸಿಕೊಂಡರೆ ಮತ್ತೆ ಅದರ ಗೋಜಿಗೆ ಹೋಗುವುದಿಲ್ಲ. ಅಗಲ 20 ಮೆಗಾಹರ್ಟ್ಸ್ ಇಡಿ. 40 ಇಟ್ಟರೆ ಜಾಸ್ತಿ ವೇಗ ಅಂತ ಆಸೆ ಆಗುತ್ತದೆ, ನಿಮ್ಮ ಓಣಿಯಂಥ ಕಡೆ ಅದು ಇಬ್ಬರ ಜಾಗ ಹಿಡಿದು ಎಲ್ಲರ ಜೊತೆ ಡಿಕ್ಕಿ ಹೊಡೆಯುತ್ತದೆ.

ಟಿವಿ ಹಿಂದಿನಿಂದ ರೂಟರ್ ತೆಗೆಯಿರಿ. ಟಿವಿ ಹಿಂಬದಿ ಲೋಹದ ತಗಡು ಇರುತ್ತದೆ. ಅಮ್ಮನ ರೂಮಿನ ಗೋಡೆಗೆ ಸ್ಟೀಲ್ ಬೀರು ಒರಗಿಸಿದ್ದರೆ ಅದರ ಹಿಂದೆ ಸಿಗ್ನಲ್ ದಾಟುವುದು ಕಷ್ಟ, ಕನ್ನಡಿ ಇರುವ ಬೀರು ಆದರೂ ಅಷ್ಟೇ.

ಕಡಲತಡಿ:

ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮತ್ತೆ ಮುಂದಕ್ಕೆ ಕಳಿಸುವ ಸಾಧನ) ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಈಗ ಬೇಡ. ಸಿಗ್ನಲ್ ಕಮ್ಮಿ ಇರುವ ಮನೆಗೆ ಅದು. ನಿಮಗೆ ಸಿಗ್ನಲ್ ಇದೆ. ಸಾಮಾನ್ಯ ರಿಪೀಟರ್ ಅದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ವೇಗ ಅರ್ಧಕ್ಕೆ ಬೀಳುತ್ತದೆ, ಗದ್ದಲ ಇನ್ನೂ ಜಾಸ್ತಿ.

ದಾವಣಗೆರೆಯಕ್ಕ:

ಸಿಕ್ಕಿತು! ಡಬ್ಲ್ಯೂಪಿಎ, ಟಿಕೆಐಪಿ ಅಂತಲೇ ಇತ್ತು. ಹಿಂದೆ ಗೇಟ್ ಹತ್ತಿರ ಕ್ಯಾಮೆರಾ ಹಾಕಲು ಬಂದ ಹುಡುಗ ವೈಫೈ ಹಿಡಿಯುತ್ತಿಲ್ಲ ಅಂತ ರೂಟರ್‌ನಲ್ಲಿ ಏನೋ ಬದಲಾಯಿಸಿದ್ದು ನೆನಪಿದೆ. 5 ಗಿಗಾಹರ್ಟ್ಸ್ ಕಡೆ ಡಬ್ಲ್ಯೂಪಿಎ2 ಸರಿಯಾಗೇ ಇದೆ, ಅದಕ್ಕೇ ಲ್ಯಾಪ್‌ಟಾಪ್‌ಗೆ ಏನೂ ಆಗಿರಲಿಲ್ಲ.

ಡಬ್ಲ್ಯೂಪಿಎ2, ಎಇಎಸ್ ಹಾಕಿದ ಕೂಡಲೇ ಲಿಂಕ್ ಸ್ಪೀಡ್ 72 ಆಯಿತು. ಚಾನೆಲ್ 6ರಲ್ಲಿತ್ತು, ಅಕ್ಕಪಕ್ಕದವರೆಲ್ಲ ಅಲ್ಲೇ ಗುಂಪುಗೂಡಿದ್ದಾರೆ, 11 ಖಾಲಿ ಕಂಡಿತು, ಅದಕ್ಕೆ ಬದಲಾಯಿಸಿದೆ. ರೂಟರ್ ಟಿವಿ ಹಿಂದಿನಿಂದ ತೆಗೆದು ಶೋಕೇಸ್ ಮೇಲೆ ಇಟ್ಟೆ. ಹಗಲು 38 ಬರುತ್ತಿದೆ, ರಾತ್ರಿ 20ರ ಮೇಲೆಯೇ ಇದೆ. ಪಿಂಗ್ ಆಗಾಗ 60, 70 ಮುಟ್ಟುತ್ತದೆ, ಮೊದಲಿನ ಹಾಗೆ 400 ಇಲ್ಲ. ಅಮ್ಮ ನಿನ್ನೆ ತಮ್ಮನ ಜೊತೆ ಒಂದು ಗಂಟೆ ಮಾತಾಡಿದರು, ಮಧ್ಯೆ ಒಮ್ಮೆಯೂ ನಿಲ್ಲಲಿಲ್ಲ. ಅವನು ಅಲ್ಲಿ ಸಾರು ಮಾಡುವುದನ್ನು ಪೂರ್ತಿ ತೋರಿಸಿದ, ಹುಣಸೆಹುಳಿ ಜಾಸ್ತಿ ಆಯಿತು ಅಂತ ಇಲ್ಲಿಂದಲೇ ಬೈಸಿಕೊಂಡ.

ಆದರೆ ಈಗ ಗೇಟಿನ ಕ್ಯಾಮೆರಾ ಆಫ್‌ಲೈನ್ ಆಗಿದೆ. ಟಿಕೆಐಪಿ ವಾಪಸ್ ಹಾಕಬೇಕಾ?

ಫೈಬರ್_ಹಾಸನ:

ಬೇಡವೇ ಬೇಡ ಮೇಡಂ. ವೇಗದ ಮಾತು ಹಾಗಿರಲಿ, ಟಿಕೆಐಪಿ ಸುರಕ್ಷಿತ ಅಲ್ಲ, ಮನೆಯ ಕ್ಯಾಮೆರಾ ಇರುವ ವೈಫೈಗೆ ಅದನ್ನು ಇಡಲೇಬಾರದು. 2006ರಿಂದ ವೈಫೈ ಸರ್ಟಿಫಿಕೇಟ್ ಪಡೆಯುವ ಸಾಧನಗಳಿಗೆ ಡಬ್ಲ್ಯೂಪಿಎ2 ಕಡ್ಡಾಯ ಮಾಡಿದ್ದಾರೆ, ನಿಮ್ಮ ಕ್ಯಾಮೆರಾ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹಳೆಯ ಸೆಟ್ಟಿಂಗ್ ನೆನಪಿಟ್ಟುಕೊಂಡು ಅದಕ್ಕೇ ಹುಡುಕುತ್ತಿರಬಹುದು. ಕ್ಯಾಮೆರಾದ ರೀಸೆಟ್ ಬಟನ್, ಪಿನ್ ಹಾಕಿ ಒತ್ತುವ ಸಣ್ಣ ತೂತು ಇರುತ್ತದೆ, ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಆ್ಯಪ್‌ನಿಂದ ಹೊಸದಾಗಿ ಸೇರಿಸಿ. ಸೇರಿಸುವಾಗ ನಿಮ್ಮ ಫೋನ್ 2.4ರ ಹೆಸರಿಗೇ ಕನೆಕ್ಟ್ ಆಗಿರಲಿ, 5ರಲ್ಲಿದ್ದರೆ ಇಂಥ ಕ್ಯಾಮೆರಾಗಳು ಸೇರುವುದೇ ಇಲ್ಲ. ಆ ಹುಡುಗನಿಗೂ ಅಂದು ಅದೇ ಆಗಿರಬೇಕು.

ದಾವಣಗೆರೆಯಕ್ಕ:

ರೀಸೆಟ್ ಮಾಡಿ 2.4ರಿಂದ ಸೇರಿಸಿದೆ, ಕ್ಯಾಮೆರಾ ಬಂತು. ಸೆಕ್ಯುರಿಟಿ ಡಬ್ಲ್ಯೂಪಿಎ2ರಲ್ಲೇ ಇದೆ. ಅಮ್ಮನ ಫೋನ್‌ನಲ್ಲಿ ಈಗಲೂ 72. ಎಲ್ಲರಿಗೂ ತುಂಬಾ ಉಪಕಾರ ಆಯಿತು.