ಐಕಾನ್ ಫೈಲಿನ ಒಳಗಿನ 16 ಪಿಕ್ಸೆಲ್ ಚಿತ್ರ ಹೊರಗೆ ತೆಗೆಯೋದು ಹೇಗೆ?

ಬೆಟಗೇರಿ_ಲಾಳಿ:
ನಮಸ್ಕಾರ್ರೀ. ಬೆಟಗೇರಿಯಲ್ಲಿ ನಮ್ಮದು ಕೈಮಗ್ಗದ ಸೀರೆ ಅಂಗಡಿ. ಹಿಂದೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಸಿದಾಗ ನಮ್ಮ ಕಾಕಾ ಲಾಳಿಯ ಚಿತ್ರ ಬರೆದು ಐಕಾನ್ ಮಾಡಿಕೊಟ್ಟಿದ್ದರು. ಮೂಲ ಚಿತ್ರ ಇದ್ದ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು, ಉಳಿದದ್ದು ಐಸಿಓ ಫೈಲ್ (ಬೇರೆ ಬೇರೆ ಅಳತೆಯ ಚಿತ್ರಗಳನ್ನು ಒಳಗಿಟ್ಟುಕೊಂಡ ಐಕಾನ್ ಫೈಲ್) ಒಂದೇ. ಈಗ ಅಂಗಡಿಯ ವೆಬ್‌ಸೈಟಿಗೆ ಅದೇ ಬೇಕು. ಪೈಥಾನ್‌ನಲ್ಲಿ ಪಿಲ್ಲೋ (ಚಿತ್ರಗಳ ಕೆಲಸಕ್ಕಿರುವ ಲೈಬ್ರರಿ) ಹಾಕಿ ತೆರೆದರೆ 256ರ ದೊಡ್ಡ ಚಿತ್ರ ಮಾತ್ರ ಬರುತ್ತದೆ, ಅದನ್ನು 16ಕ್ಕೆ ಇಳಿಸಿದರೆ ಲಾಳಿಯ ನೂಲು ಕಲಸಿಹೋಗುತ್ತದೆ. ಕಾಕಾ 16ರದ್ದನ್ನು ಒಂದೊಂದೇ ಚುಕ್ಕಿ ಇಟ್ಟು ಬೇರೆಯಾಗಿಯೇ ಬರೆದಿದ್ದರು, ನನಗೆ ಅದು ಬೇಕು. ಬೈಟ್ ಎಣಿಸಿ ನಾನೇ ಕತ್ತರಿಸಿ ನೋಡಿದೆ, 1128 ಬೈಟ್ ಬಂತು, ಬಿಎಂಪಿ ಅಂತ ಹೆಸರು ಕೊಟ್ಟರೆ ತೆರೆಯುತ್ತಲೇ ಇಲ್ಲ. ಫೈಲೇ ಕೆಟ್ಟಿದೆಯಾ?

ಹುಬ್ಬಳ್ಳಿ_ಹುಡುಗ:
ಕೆಟ್ಟಿಲ್ಲರೀ. 1128 ಅಂದರೆ ಲೆಕ್ಕ ಸರಿಯಾಗಿದೆ. ಹೆಡರ್, ಅಂದರೆ ಚಿತ್ರದ ಅಳತೆ ಮುಂತಾದ ವಿವರ ಇರುವ ಶುರುವಿನ ಭಾಗ, 40 ಬೈಟ್. 16 ಸಾಲು, ಸಾಲಿಗೆ 16ರಂತೆ 256 ಚುಕ್ಕಿ, ಒಂದಕ್ಕೆ 4 ಬೈಟಿನಂತೆ 1024. ಉಳಿದ 64 ಬೈಟ್ ಮಾಸ್ಕ್, ಯಾವ ಚುಕ್ಕಿ ಕಾಣಬೇಕು ಯಾವುದು ಬೇಡ ಅನ್ನೋದು ಅದರಲ್ಲಿ ಇರುತ್ತದೆ (ಸಾಲಿಗೆ 2 ಬೈಟ್ ಸಾಕು, ಆದರೆ 4ರ ಲೆಕ್ಕಕ್ಕೆ ತುಂಬಿಸಿರುತ್ತಾರೆ). ಮಾಮೂಲಿ ಬಿಎಂಪಿಯ ಶುರುವಿನಲ್ಲಿ ಬರುವ 14 ಬೈಟ್ ಐಕಾನಿನ ಒಳಗೆ ಇರುವುದೇ ಇಲ್ಲ, ಅದಕ್ಕೇ ತೆರೆಯುತ್ತಿಲ್ಲ. ಅದನ್ನು ನೀವೇ ಸೇರಿಸಿದರೂ ಇನ್ನೊಂದು ತೊಡಕಿದೆ: ಹೆಡರಿನಲ್ಲಿ ಎತ್ತರ 16ರ ಬದಲು 32 ಅಂತ ಬರೆದಿರುತ್ತದೆ, ಮಾಸ್ಕನ್ನೂ ಸೇರಿಸಿ ಎಣಿಸಿರುತ್ತಾರೆ. ಅದನ್ನೂ ತಿದ್ದಬೇಕು.

ಆದರೆ ಇಷ್ಟೆಲ್ಲ ಕೈಯಿಂದ ಮಾಡಬೇಡಿ. ಪಿಲ್ಲೋ ತಾನಾಗಿ ದೊಡ್ಡದನ್ನೇ ಆರಿಸುತ್ತದೆ, ಅಷ್ಟೇ. ಓಪನ್ ಮಾಡಿದ ಮೇಲೆ ಸೈಜ್‌ಗೆ 16, 16 ಅಂತ ಕೊಡಿ, ಆಮೇಲೆ ಲೋಡ್ ಮಾಡಿ ಸೇವ್ ಮಾಡಿ. ಒಳಗೆ ಯಾವ ಯಾವ ಅಳತೆ ಇವೆ ಅನ್ನೋದು ಇನ್ಫೋದ ಸೈಜಸ್‌ನಲ್ಲಿ ಸಿಗುತ್ತದೆ.

ಧಾರವಾಡ_ಮಳೆ:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹಳೇ ಐಕಾನ್‌ಗಳಲ್ಲಿ 16ರ ಚಿತ್ರವೇ ಎರಡು ಮೂರು ಇರುತ್ತವೆ, ಒಂದು 16 ಬಣ್ಣದ್ದು, ಒಂದು 256 ಬಣ್ಣದ್ದು, ಹೀಗೆ. ಅಳತೆ ಕೊಟ್ಟು ಕೇಳಿದರೆ ಅವುಗಳಲ್ಲಿ ಒಂದೇ ಬರುತ್ತದೆ. ಎಲ್ಲವೂ ಬೇಕಿದ್ದರೆ ಲಿನಕ್ಸ್‌ನಲ್ಲಿ ಐಕೋಯುಟಿಲ್ಸ್ ಹಾಕಿಕೊಂಡು ಅದರ ಐಕೋಟೂಲ್ ಓಡಿಸಿ, ಒಂದೊಂದನ್ನೂ ಬೇರೆ ಬೇರೆ ಪಿಎನ್‌ಜಿ ಮಾಡಿ ಕೊಡುತ್ತದೆ. ಅಕಸ್ಮಾತ್ ಐಸಿಓ ಕೂಡ ಕಳೆದು ಇಎಕ್ಸ್‌ಇ (ಸಾಫ್ಟ್‌ವೇರ್ ಓಡಿಸುವ ಫೈಲ್) ಒಂದೇ ಉಳಿದವರಿಗೆ ಐಕೋಯುಟಿಲ್ಸ್‌ನಲ್ಲೇ ರೆಸ್‌ಟೂಲ್ ಅಂತ ಇದೆ, ಐಕಾನನ್ನು ಇಎಕ್ಸ್‌ಇಯಿಂದಲೂ ತೆಗೆಯಬಹುದು.

ಬೆಟಗೇರಿ_ಲಾಳಿ:
ಬಂತ್ರೀ, ಬಂತು! ಆದರೆ ಲಾಳಿಯ ಸುತ್ತ ಪೂರ್ತಿ ಕಪ್ಪು. ಸೇವ್ ಮಾಡುವ ಮೊದಲು ಆರ್‌ಜಿಬಿಗೆ ಬದಲಿಸಿ ಜೆಪೆಗ್ ಮಾಡಿದ್ದೆ.

ಹುಬ್ಬಳ್ಳಿ_ಹುಡುಗ:
ಅಲ್ಲೇ ತಪ್ಪಿದ್ದು. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯಲ್ಲ. ಬದಲಿಸೋಕೆ ಹೋಗದೆ ನೇರ ಪಿಎನ್‌ಜಿ ಮಾಡಿ.

ಬೆಟಗೇರಿ_ಲಾಳಿ:
ಸರಿಹೋಯಿತು. ನೂಲಿನ ಗೆರೆ ಒಂದೇ ಪಿಕ್ಸೆಲ್ ಅಗಲ, ಆದರೂ ಸ್ಪಷ್ಟವಾಗಿ ಕಾಣುತ್ತದೆ. ಕಾಕಾಗೆ ಫೋನಿನಲ್ಲಿ ತೋರಿಸಿದೆ, ದೊಡ್ಡದು ಮಾಡಿ ಚುಕ್ಕಿ ಎಣಿಸುತ್ತಾ ಕೂತಿದ್ದಾರೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ.